ಲೇಹ್‌ಗೆ ಇಳಿದ ಮೊದಲ ವಿಮಾನದಲ್ಲಿ ಕೊಡಗಿನ ಜನರಲ್

ಮಂಗಳೂರಿನಿಂದ ಮಡಿಕೇರಿಗೆ ಹೋದವರು ಅಲ್ಲಿ ಜನರಲ್ ತಿಮ್ಮಯ್ಯ ಅವರ ಪ್ರತಿಮೆ ನೋಡೇ ಇರ್ತಾರೆ. ದೇಶದ ಸೇನಾ ಮುಖ್ಯಸ್ಥರಾಗಿದ್ದವರು ಅನ್ನೋದೂ ಹಲವರಿಗೆ ಗೊತ್ತು. ಆದರೆ ನೆಲದ ಮೇಲೆ ಹೋರಾಡುವ ಸೈನಿಕನಿಗೆ ಆಕಾಶದಿಂದ ನೆರವು ಸಿಕ್ಕಿದ ಕಥೆಯಲ್ಲಿ ಅವರ ಪಾಲು ಎಷ್ಟು ದೊಡ್ಡದು ಅನ್ನೋದು ನಮ್ಮ ಯುವಕರಿಗೆ ಅಷ್ಟಾಗಿ ತಿಳಿದಿಲ್ಲ.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರಲ್ಲಿ, ಮಡಿಕೇರಿಯಲ್ಲಿ. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಡೆಹ್ರಾಡೂನ್ ಮತ್ತು ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಪಡೆದು 1926ರಲ್ಲಿ ಸೇನಾಧಿಕಾರಿಯಾದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಕಾನ್ ರಂಗದಲ್ಲಿ ಹೋರಾಡಿದರು. ಕಾಡಿನಲ್ಲಿ ಶತ್ರು ಸುತ್ತುವರಿದಾಗ ಅನ್ನ, ಮದ್ದು, ಗುಂಡು ಎಲ್ಲವೂ ವಿಮಾನದಿಂದಲೇ ಬೀಳಬೇಕಿದ್ದ ಯುದ್ಧ ಅದು.

1948ರ ಮೇ ತಿಂಗಳಲ್ಲಿ ಕಾಶ್ಮೀರ ಕಣಿವೆ ಮತ್ತು ಲಡಾಖ್ ರಂಗದ ಹೊಣೆ ಅವರ ಹೆಗಲಿಗೆ ಬಂತು. ಆ ಹೊತ್ತಿಗೆ ಕಾರ್ಗಿಲ್ ದಾಳಿಕೋರರ ಕೈಸೇರಿ, ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿ ಕಡಿದುಹೋಗಿತ್ತು. ಸತ್ಯಮಂಗಲದಿಂದ ಹಾಸನೂರಿಗೆ ಹತ್ತುವ ದಿಂಬಂ ಘಾಟಿಯ 27 ತಿರುವುಗಳನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ತಿರುವಿನಲ್ಲಿ ಲಾರಿ ಸಿಕ್ಕಿಹಾಕಿಕೊಂಡರೆ ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ಲಡಾಖ್‌ನಲ್ಲಿ ಆ ಘಾಟಿಯ ಎತ್ತರ ಹನ್ನೊಂದು ಸಾವಿರ ಅಡಿಗೂ ಮೇಲೆ, ಮತ್ತು ದಾರಿಗೆ ಅಡ್ಡ ನಿಂತದ್ದು ಬಂದೂಕು. ಲೇಹ್‌ನ ಬೌದ್ಧರು, ಮುಸ್ಲಿಮರು ಎಲ್ಲರ ಕಾವಲಿಗೆ ಇದ್ದದ್ದು ಬೆರಳೆಣಿಕೆಯ ಸೈನಿಕರು.

ಎಂಜಿನಿಯರ್ ಸೋನಂ ನೊರ್ಬು ಊರವರನ್ನು ಸೇರಿಸಿಕೊಂಡು ನದಿ ದಡದಲ್ಲಿ ಮಣ್ಣಿನ ರನ್‌ವೇ ಮಾಡಿಟ್ಟಿದ್ದರು. ಅಲ್ಲಿ ಅದುವರೆಗೆ ಯಾವ ವಿಮಾನವೂ ಇಳಿದಿರಲಿಲ್ಲ. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಡಕೋಟಾ ವಿಮಾನವನ್ನು ಹಿಮಾಲಯದ ಶಿಖರಗಳ ನಡುವೆ ಹಾರಿಸಿಕೊಂಡು ಹೋಗಿ ಅಲ್ಲಿ ಇಳಿಸಿದರು. ಪಕ್ಕದಲ್ಲಿ ಕೂತಿದ್ದವರು ತಿಮ್ಮಯ್ಯ. ಸೈನಿಕರನ್ನು ಕಳಿಸುವ ಮೊದಲು ದಳಪತಿ ತಾನೇ ಹೋಗಿ ಬಂದರು. ನಂತರದ ವಿಮಾನಗಳಲ್ಲಿ ಗೂರ್ಖಾ ಸೈನಿಕರು ಬಂದರು. ಲೇಹ್ ಉಳಿಯಿತು.

ಆದರೆ ವಿಮಾನದಿಂದಲೇ ಎಲ್ಲವೂ ಆಗಲ್ಲ ಅನ್ನೋದನ್ನೂ ಅದೇ ವರ್ಷ ಕಲಿಸಿತು. ಟೆಂಪೆಸ್ಟ್ ಯುದ್ಧವಿಮಾನಗಳು ಶತ್ರು ನೆಲೆಗಳ ಮೇಲೆ ರಾಕೆಟ್, ಗುಂಡು ಹಾರಿಸುತ್ತಿದ್ದವು. ಇಕ್ಕಟ್ಟಿನ ಕಣಿವೆ, ಕ್ಷಣಾರ್ಧದಲ್ಲಿ ದಾಟಿಹೋಗುವ ವೇಗ. ನಮ್ಮವರು ಎಲ್ಲಿದ್ದಾರೆ, ಎದುರಾಳಿ ಎಲ್ಲಿ ಅಂತ ಪೈಲಟ್‌ಗೆ ಗೊತ್ತಾಗದಿದ್ದರೆ ಗುಂಡು ನಮ್ಮವರಿಗೇ ತಗಲೀತು. ಸ್ಕರ್ದುವಿನಲ್ಲಿ ಸಿಕ್ಕಿಬಿದ್ದ ಪಡೆಗೆ ಇದೇ ವಿಮಾನಗಳಿಂದ ಸಾಮಾನು ಉದುರಿಸಿದರೂ ಸಾಕಾಗಲಿಲ್ಲ. ಆರು ತಿಂಗಳು ತಡೆದು ಆಗಸ್ಟ್‌ನಲ್ಲಿ ಸ್ಕರ್ದು ಬಿತ್ತು. ಅದೇ ಯುದ್ಧದ ಇನ್ನೊಂದು ರಂಗದಲ್ಲಿ, ಝಂಗರ್‌ನಲ್ಲಿ, ಜುಲೈ 3ರಂದು ಬ್ರಿಗೇಡಿಯರ್ ಮೊಹಮ್ಮದ್ ಉಸ್ಮಾನ್ ಹುತಾತ್ಮರಾದರು.

ಲೇಹ್‌ಗೆ ನೆಲದ ದಾರಿ ತೆರೆಯಲೇಬೇಕಿತ್ತು. ತಿಮ್ಮಯ್ಯ ಯಾರೂ ಊಹಿಸದ ಕೆಲಸ ಮಾಡಿದರು. ಸ್ಟುವರ್ಟ್ ಟ್ಯಾಂಕ್‌ಗಳನ್ನು ಗುಟ್ಟಾಗಿ ಝೋಜಿಲಾ ಬುಡಕ್ಕೆ ತರಿಸಿ, ನವೆಂಬರ್ 1ರಂದು ಹಿಮದ ನಡುವೆ ಮೇಲಕ್ಕೆ ಹತ್ತಿಸಿದರು. ಮುಂದಿನ ಟ್ಯಾಂಕ್‌ನಲ್ಲಿ ಅವರೇ ಇದ್ದರು. ಅದೇ ತಿಂಗಳು ಕಾರ್ಗಿಲ್ ಮರಳಿ ಬಂತು. ವಿಮಾನ ಸಮಯ ಉಳಿಸಿಕೊಟ್ಟಿತು, ನೆಲದ ಪಡೆ ಕೆಲಸ ಮುಗಿಸಿತು.

1957ರಿಂದ 1961ರವರೆಗೆ ತಿಮ್ಮಯ್ಯ ಸೇನೆಯ ಮುಖ್ಯಸ್ಥರಾಗಿದ್ದರು. ಅವರು ನಿವೃತ್ತರಾದ ಮರುವರ್ಷ ಚೀನಾ ಯುದ್ಧ ನಡೆಯಿತು. ಆಗ ಸಾಮಾನು ಸಾಗಿಸುವ ವಿಮಾನಗಳು, ಹೆಲಿಕಾಪ್ಟರ್‌ಗಳು ಹಾರಿದವು. ಯುದ್ಧವಿಮಾನಗಳನ್ನು ಮಾತ್ರ ದಾಳಿಗೆ ಬಿಡಲಿಲ್ಲ. ಬೆಟ್ಟದ ಮೇಲಿದ್ದ ಸೈನಿಕ ಒಬ್ಬಂಟಿಯಾದ. ಆ ತೀರ್ಮಾನದ ಬಗ್ಗೆ ಇಂದಿಗೂ ಚರ್ಚೆ ನಿಂತಿಲ್ಲ.

ಕೊನೆಗೆ ಇದೇ ಶಕ್ತಿಯ ಇನ್ನೊಂದು ಮುಖವನ್ನೂ ಅವರು ಕಂಡರು. 1964ರ ಜುಲೈನಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ದಂಡನಾಯಕರಾದರು. ಆ ದ್ವೀಪದಲ್ಲಿ ಗ್ರೀಕ್ ಕ್ರೈಸ್ತರು, ತುರ್ಕಿ ಮುಸ್ಲಿಮರು ಒಂದೇ ಊರುಗಳಲ್ಲಿ ಬಾಳಿದವರು, ಈಗ ಬಂದೂಕು ಹಿಡಿದು ನಿಂತಿದ್ದರು. ಆಗಸ್ಟ್‌ನಲ್ಲಿ ಕೊಕ್ಕಿನಾ ಎಂಬಲ್ಲಿ ಗ್ರೀಕ್ ಪಡೆ ತುರ್ಕಿ ಹೋರಾಟಗಾರರನ್ನು ಸುತ್ತುವರಿಯಿತು. ಅವರ ನೆರವಿಗೆ ತುರ್ಕಿಯ ಜೆಟ್‌ಗಳು ಬಂದು ಬಾಂಬ್ ಹಾಕಿದವು. ಸೈನಿಕರ ಜೊತೆ ಹಳ್ಳಿಯವರೂ ಸತ್ತರು. ಒಂದು ಕಡೆಗೆ ರಕ್ಷಣೆ, ಇನ್ನೊಂದು ಕಡೆಗೆ ಸಾವು. ಇಲ್ಲಿ ತಿಮ್ಮಯ್ಯ ಯಾವ ಪಕ್ಷದವರೂ ಅಲ್ಲ. ಎರಡೂ ಸಮುದಾಯಗಳ ನಡುವೆ ನಿಂತು ಬಂದೂಕು ತಣ್ಣಗಾಗಿಸೋದೇ ಅವರ ಕೆಲಸ.

ಆ ಕೆಲಸದಲ್ಲಿರುವಾಗಲೇ 1965ರ ಡಿಸೆಂಬರ್ 18ರಂದು ಹೃದಯಾಘಾತದಿಂದ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯಲ್ಲಿರುವ ಅವರ ಬಾಲ್ಯದ ಮನೆ ಸನ್ನಿಸೈಡ್ 2021ರಿಂದ ಮ್ಯೂಸಿಯಂ ಆಗಿದೆ. ಮುಂದಿನ ಸಲ ಮಡಿಕೇರಿಗೆ ಹೋದಾಗ ಅಬ್ಬಿ ಜಲಪಾತ, ರಾಜಾಸೀಟು ನೋಡಿ ವಾಪಸ್ ಬರೋ ಮುಂಚೆ ಮಕ್ಕಳನ್ನು ಅಲ್ಲಿಗೂ ಕರ್ಕೊಂಡು ಹೋಗಬಹುದು.