ನಿತ್ಯಾಭ್ಯಾಸದ ಬಲ: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದಿಂದ ಕಲಿಯತಕ್ಕ ಪಾಠ

ನಮ್ಮ ಹೊಸಕೆರೆಹಳ್ಳಿಯ ಹೆಸರಿನಲ್ಲಿಯೇ ಕೆರೆಯೊಂದಿದೆ. ಕೆರೆಯ ಕೆಳಗೆ ಗದ್ದೆ ಮಾಡಿದವರೆಲ್ಲರೂ ಬಲ್ಲ ಸಂಗತಿಯೊಂದುಂಟು. ತೂಬಿನಿಂದ ಹೊರಟ ನೀರು ಮೊದಲ ದಿನ ಎಲ್ಲಿ ದಾರಿ ಮಾಡಿಕೊಂಡಿತೋ ಮರುದಿನವೂ ಅಲ್ಲಿಯೇ ಹರಿಯುವುದು; ದಿನ ಕಳೆದಂತೆಲ್ಲಾ ಆ ದಾರಿ ಆಳವಾಗುವುದು. ಅದನ್ನು ಬೇರೆ ಕಡೆಗೆ ತಿರುಗಿಸಬೇಕಾದರೆ ನೀರನ್ನು ಗದರಿಸಿ ಫಲವಿಲ್ಲ. ಹೊಸ ಕಾಲುವೆಯನ್ನು ತೋಡಿ ಹಳೆಯದರ ಬಾಯಿಗೆ ಮಣ್ಣು ಹಾಕಬೇಕು. ಮನುಷ್ಯರ ಅಭ್ಯಾಸಗಳೂ ಹೀಗೆಯೇ. ನೀರಿಗೆ ದಾರಿ ತೋರಿಸುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡು, ಜನರ ಅಭ್ಯಾಸಗಳನ್ನೂ ತಿದ್ದಲು ಯತ್ನಿಸಿದ ಮಹನೀಯರೊಬ್ಬರ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿನಿಯರ ಮುಂದಿಡುವುದು ಉಚಿತವೆಂದು ತೋರಿದುದರಿಂದ ಈ ನಾಲ್ಕು ಮಾತುಗಳನ್ನು ಬರೆದಿರುತ್ತೇನೆ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ ಮುದ್ದೇನಹಳ್ಳಿಯಲ್ಲಿ ಸೆಪ್ಟೆಂಬರ್ 15ರಂದು ಜನಿಸಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ವಿದ್ವಾಂಸರು, ಆದರೆ ಧನವಂತರಲ್ಲ. ಬಾಲಕನು ಇನ್ನೂ ಶಾಲೆಯಲ್ಲಿರುವಾಗಲೇ ತಂದೆಯವರು ತೀರಿಕೊಂಡರು. ತಾಯಿಯವರ ಆಸರೆಯಿಂದಲೂ ಸೋದರಮಾವನವರ ನೆರವಿನಿಂದಲೂ ಬೆಂಗಳೂರಿಗೆ ಬಂದು, ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿಯೂ ಅನಂತರ ಸೆಂಟ್ರಲ್ ಕಾಲೇಜಿನಲ್ಲಿಯೂ ಓದಿದರು. ಊಟ ವಸತಿಗಳಿಗೆ ದಾರಿಯಿಲ್ಲದೆ, ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿಕೊಡುತ್ತ ತಮ್ಮ ಓದನ್ನು ಸಾಗಿಸಿದರು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ವಿಶ್ವೇಶ್ವರಯ್ಯನವರ ಕಾಲನಿಷ್ಠೆಯು ಹುಟ್ಟಿನಿಂದಲೇ ಬಂದ ವರವೆಂದು ಹೇಳುವವರು ಬಹಳ ಮಂದಿ. ಹಾಗೆಂದುಬಿಟ್ಟರೆ ನಮಗೆ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ. ಪರರ ಮನೆಯ ಮಕ್ಕಳಿಗೆ ಪಾಠ ಹೇಳಬೇಕಾದ ಹುಡುಗನಿಗೆ ಹೊತ್ತು ತನ್ನದಲ್ಲ. ಕಲಿಸುವ ಗಂಟೆ ಕಲಿಸುವುದಕ್ಕೆ, ಕಾಲೇಜಿನ ಗಂಟೆ ಕಾಲೇಜಿಗೆ. ಉಳಿದ ಸ್ವಲ್ಪ ಹೊತ್ತಿನಲ್ಲಿಯೇ ತನ್ನ ಓದು. ಇಂದು ಬೇಡ, ನಾಳೆ ನೋಡೋಣವೆನ್ನುವ ಸ್ವಾತಂತ್ರ್ಯ ಅವನಿಗಿರುವುದಿಲ್ಲ. ಬಡತನವು ಹಾಕಿದ ಕಟ್ಟು ಹೀಗೆ ಅಭ್ಯಾಸವಾಯಿತು. ಬಡತನ ಹೋದ ಮೇಲೆಯೂ ಅಭ್ಯಾಸ ಉಳಿಯಿತು. 1881ರಲ್ಲಿ ಬಿ.ಎ. ಪದವಿಯನ್ನು ಪಡೆದು, ಮೈಸೂರು ಸರಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲನೆಯವರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರಾದರು.

ಅಭ್ಯಾಸವು ನೆಲೆಗೊಳ್ಳುವ ಬಗೆಯನ್ನು ವಿದ್ವಾಂಸರೂ ಪರಿಶೀಲಿಸಿದ್ದಾರೆ. ಅಮೆರಿಕಾ ದೇಶದ ವಿಲಿಯಂ ಜೇಮ್ಸ್ ಎಂಬ ಪಂಡಿತರು 1890ರಲ್ಲಿ ಪ್ರಕಟಿಸಿದ ಮನಶ್ಶಾಸ್ತ್ರದ ಗ್ರಂಥದಲ್ಲಿ ಅಭ್ಯಾಸಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. 2010ರಲ್ಲಿ ಪ್ರಕಟವಾದ ಲಂಡನ್ ನಗರದ ಸಂಶೋಧನೆಯೊಂದರಲ್ಲಿ, 96 ಮಂದಿ ದಿನಕ್ಕೊಂದು ಸಣ್ಣ ಕೆಲಸವನ್ನು, ಉಪಾಹಾರವಾದ ಮೇಲೆ ಎಂಬಂತೆ, ನಿಯತವಾದ ಸಂದರ್ಭದಲ್ಲಿಯೇ ಮಾಡತೊಡಗಿದರು. ಅದು ತಾನಾಗಿ ನಡೆಯುವ ಅಭ್ಯಾಸವಾಗಲು ಸರಾಸರಿ 66 ದಿನಗಳು ಬೇಕಾದುವು. ಕೆಲವರಿಗೆ 18 ದಿನಗಳೇ ಸಾಕಾಗಬಹುದು, ಕೆಲವರಿಗೆ 254 ದಿನಗಳೂ ಬೇಕಾಗಬಹುದು ಎಂದು ಕಂಡುಬಂದಿತು. ಒಂದು ದಿನ ತಪ್ಪಿದರೆ ಹಿಂದಿನದೆಲ್ಲವೂ ಕೆಡುವುದಿಲ್ಲವೆಂದೂ ತಿಳಿಯಿತು. ನೆರೆಮನೆಯವಳಿಗೆ ಒಂದು ತಿಂಗಳಿನಲ್ಲಿ ಬಂದದ್ದು ತನಗೆ ಬಾರದೆಂದು ಕಣ್ಣೀರಿಡುವ ಹುಡುಗಿಯರು ಈ ಲೆಕ್ಕವನ್ನು ನೆನಪಿನಲ್ಲಿಡಲಿ.

ತನ್ನ ಅಭ್ಯಾಸವನ್ನು ತಿದ್ದಿಕೊಳ್ಳುವುದು ಒಂದು ಕಷ್ಟವಾದರೆ, ಪರರ ಅಭ್ಯಾಸವನ್ನು ತಿದ್ದುವುದು ಇನ್ನೊಂದು. ಮುಂಬಯಿ ಪ್ರಾಂತ್ಯದ ಕಾಲುವೆಗಳ ಕೆಳಗೆ ರೈತರು ತಮಗೆ ತೋಚಿದ ಹಾಗೆ ನೀರು ಹಾಯಿಸುವ ರೂಢಿಯಿತ್ತು. ಕೆಲವರ ಹೊಲದಲ್ಲಿ ನೀರು ನಿಂತು ಭೂಮಿ ಜವುಗಾಗುತ್ತಿತ್ತು. ಮುಂದಿನ ಊರಿಗೆ ನೀರೇ ಸಾಲುತ್ತಿರಲಿಲ್ಲ. 1899ರಲ್ಲಿ ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿಯೆಂಬ ಏರ್ಪಾಡನ್ನು ರೂಪಿಸಿದರು. ಭೂಮಿಯನ್ನು ವಿಭಾಗಗಳನ್ನಾಗಿ ಮಾಡಿ, ಹೆಚ್ಚು ನೀರು ಬೇಡುವ ಬೆಳೆಯನ್ನೂ ಕಡಿಮೆ ನೀರಿನ ಬೆಳೆಯನ್ನೂ ಸರದಿಯ ಮೇಲೆ ಬೆಳೆಯಿಸಿ, ನೀರನ್ನು ಹೆಚ್ಚು ಊರುಗಳಿಗೆ ಹಂಚುವುದೇ ಅದರ ತತ್ತ್ವ. ಹಳೆಯ ರೂಢಿಗೆ ಒಗ್ಗಿದ್ದ ರೈತರು ಮೊದಲು ಒಪ್ಪಲಿಲ್ಲ. ಲಾಭವು ಕಣ್ಣಿಗೆ ಕಂಡ ಮೇಲೆ ವಿರೋಧವು ತಣ್ಣಗಾಯಿತು. ಬರಿಯ ನಿಷೇಧದಿಂದ ಹಳೆಯ ರೂಢಿ ಅಳಿಯುವುದಿಲ್ಲ. ಅದರ ಸ್ಥಾನದಲ್ಲಿ ಕೂರುವ ಹೊಸ ರೂಢಿಯನ್ನು ಕೈಗೆ ಕೊಡಬೇಕು.

1909ರಲ್ಲಿ ಮೈಸೂರು ಸಂಸ್ಥಾನದ ಚೀಫ್ ಇಂಜಿನಿಯರಾಗಿ ಬಂದ ಇವರು 1912ರಲ್ಲಿ ದಿವಾನರಾದರು. ಅಧಿಕಾರವನ್ನು ಒಪ್ಪಿಕೊಳ್ಳುವುದಕ್ಕೆ ಮುಂಚೆ ಬಂಧುಗಳನ್ನು ಕರೆಯಿಸಿ, ಯಾರೂ ಶಿಫಾರಸು ಕೇಳಬಾರದೆಂದು ಮಾತು ತೆಗೆದುಕೊಂಡರೆಂಬುದು ಪ್ರಸಿದ್ಧವಾಗಿದೆ. ಕೇಳಿದ ಮೇಲೆ ಇಲ್ಲವೆನ್ನುವುದು ಕಠಿನ. ಕೇಳುವುದಕ್ಕೆ ಮೊದಲೇ ಬಾಗಿಲು ಮುಚ್ಚುವುದು ಸುಲಭ. ದುರಭ್ಯಾಸವನ್ನು ಬಿಡಬೇಕೆನ್ನುವವರೂ ಹೀಗೆಯೇ ಪ್ರಲೋಭನೆಯು ಮನೆಯೊಳಕ್ಕೆ ಬರುವುದಕ್ಕೆ ಮುಂಚೆಯೇ ಅಗುಳಿ ಹಾಕತಕ್ಕದ್ದು.

ಜನರನ್ನು ಬಾಲ್ಯದಲ್ಲಿಯೇ ಒಳ್ಳೆಯ ಅಭ್ಯಾಸಗಳಿಗೆ ತರಬೇಕೆಂಬುದು ಅವರ ದೃಢವಾದ ನಂಬಿಕೆ. 1898ರಲ್ಲಿ ಜಪಾನಿಗೆ ಹೋಗಿ, ಶಿಕ್ಷಣದ ಬಲದಿಂದ ಒಂದು ಜನಾಂಗವೇ ಹೇಗೆ ಮೇಲೇಳಬಲ್ಲದೆಂಬುದನ್ನು ಕಂಡುಬಂದಿದ್ದರು. ಅವರ ಆಡಳಿತದಲ್ಲಿಯೇ 1913ರ ಪ್ರಾಥಮಿಕ ಶಿಕ್ಷಣದ ಕಾನೂನು ಬಂದಿತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು, ಶಾಲೆಗಳ ಸಂಖ್ಯೆಯು ಸುಮಾರು 4,500ರಿಂದ 10,500ಕ್ಕೆ ಏರಿತು. ಗ್ರಾಮ ಸುಧಾರಣೆಯ ಯೋಜನೆಯಲ್ಲಿ ಊರಿನವರು ವಾರಕ್ಕೆ ಅರ್ಧ ದಿನ ಒಟ್ಟಾಗಿ ಊರ ಕೆಲಸ ಮಾಡುವ ಏರ್ಪಾಡನ್ನು ಸೇರಿಸಲಾಯಿತು. ಒಂದೇ ಸಲಕ್ಕೆ ಎಲ್ಲವನ್ನೂ ಮಾಡಿಮುಗಿಸಿರೆಂದು ಹೇಳಲಿಲ್ಲ. ಸ್ವಲ್ಪವನ್ನು, ಆದರೆ ತಪ್ಪದೆ, ಮಾಡಿರೆಂಬುದೇ ಅದರ ಸಾರ.

ಮಹನೀಯರ ಚರಿತ್ರೆಯನ್ನು ಬರೆಯುವಾಗ ಹೊಗಳಿಕೆಯ ಮಾತುಗಳನ್ನಷ್ಟೇ ಪೋಣಿಸುವುದು ಸತ್ಯಕ್ಕೆ ಸಲ್ಲದು. ಆ ಕಾಲದಲ್ಲಿ ಸರಕಾರಿ ಹುದ್ದೆಗಳೆಲ್ಲವೂ ಹೆಚ್ಚಾಗಿ ಒಂದೇ ವರ್ಗದ ಕೈಯಲ್ಲಿದ್ದುವು. ಹಿಂದುಳಿದ ಸಮುದಾಯಗಳಿಗೂ ಪಾಲು ದೊರೆಯಬೇಕೆಂಬ ಬೇಡಿಕೆಯನ್ನು ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಮನ್ನಿಸಿ, 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ಪರೀಕ್ಷೆಯ ಯೋಗ್ಯತೆಯೊಂದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದ ದಿವಾನರಿಗೆ ಇದು ಒಪ್ಪಿಗೆಯಾಗಲಿಲ್ಲ; ಅದೇ ವರ್ಷದ ಕೊನೆಗೆ ಅಧಿಕಾರವನ್ನು ಬಿಟ್ಟರು. ಸಮಿತಿಯು 1919ರಲ್ಲಿ ವರದಿಯನ್ನೊಪ್ಪಿಸಿತು, ಸರಕಾರವು ಅದನ್ನು ಅನುಸರಿಸಿತು. ತಾನು ಹತ್ತಿದ ಏಣಿಯನ್ನೇ ಎಲ್ಲರೂ ಹತ್ತಬಲ್ಲರೆಂದು ಭಾವಿಸುವುದೂ ಒಂದು ಅಭ್ಯಾಸವೇ. ಆದರೆ ಏಣಿಯ ಬುಡದವರೆಗೆ ಬರಲು ಬಿಡದ ಮಕ್ಕಳು ಅಂದು ಎಷ್ಟೋ ಮಂದಿ ಇದ್ದರು, ಹೆಣ್ಣುಮಕ್ಕಳಲ್ಲಿಯಂತೂ ಹೇಳತೀರದು. ವ್ಯಕ್ತಿಗೆ ಅಭ್ಯಾಸವಿರುವಂತೆ ಸಮಾಜಕ್ಕೂ ಅಭ್ಯಾಸವಿರುವುದು. ಅದನ್ನು ತಿದ್ದಲು ಒಬ್ಬೊಬ್ಬರ ಶ್ರಮ ಸಾಲದು. ಮುಚ್ಚಿದ ಬಾಗಿಲನ್ನು ಯಾರಾದರೂ ತೆರೆಯಬೇಕು. ನಮ್ಮಂಥ ಶಾಲೆಗಳಿರುವುದು ಇದಕ್ಕಾಗಿಯೇ. ಒಳ್ಳೆಯ ಅಭ್ಯಾಸಗಳನ್ನು ಬೆಳೆಸಿಕೊಂಡವರು ಕೂಡ ಆಗಾಗ ಅವುಗಳನ್ನು ನ್ಯಾಯದ ತಕ್ಕಡಿಯಲ್ಲಿಟ್ಟು ತೂಗಿ ನೋಡಬೇಕು.

ಅಧಿಕಾರ ಹೋದರೂ ಅವರ ದುಡಿಮೆ ನಿಲ್ಲಲಿಲ್ಲ. 1934ರಲ್ಲಿ ಭಾರತದ ಆರ್ಥಿಕ ಯೋಜನೆಯನ್ನು ಕುರಿತು ಗ್ರಂಥವನ್ನು ಬರೆದರು. ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, 1951ರಲ್ಲಿ, ತಮ್ಮ ವೃತ್ತಿಜೀವನದ ನೆನಪುಗಳನ್ನು ಪ್ರಕಟಿಸಿದರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ಅಚ್ಚುಕಟ್ಟಾದ ಉಡುಪು, ತಲೆಯ ಮೇಲೆ ಮೈಸೂರು ಪೇಟ, ಗಡಿಯಾರಕ್ಕೆ ತಪ್ಪದ ನಡೆ, ಇವು ಮುಪ್ಪಿನಲ್ಲಿಯೂ ಅವರನ್ನು ಬಿಡಲಿಲ್ಲ. ನೂರು ವರ್ಷಗಳನ್ನು ದಾಟಿ 1962ರ ಏಪ್ರಿಲ್ ತಿಂಗಳಿನಲ್ಲಿ ಅವರು ಕಾಲವಾದರು.

ಪ್ರಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಎಲ್ಲರೂ ಅಣೆಕಟ್ಟು ಕಟ್ಟಬೇಕಾಗಿಲ್ಲ. ಆದರೆ ಒಂದೇ ಒಂದು ಸಣ್ಣ ಕೆಲಸವನ್ನು ಆರಿಸಿಕೊಳ್ಳಿರಿ. ಸಂಜೆ ಕೈಕಾಲು ತೊಳೆದ ಕೂಡಲೇ ಒಂದು ಪುಟ ಓದುವುದಾಗಲಿ, ಮಲಗುವ ಮುಂಚೆ ಮರುದಿನದ ಪುಸ್ತಕಗಳನ್ನು ಜೋಡಿಸಿಡುವುದಾಗಲಿ, ಒಂದು ಸಾಕು. ಅದಕ್ಕೊಂದು ಹೊತ್ತನ್ನೂ ಸ್ಥಳವನ್ನೂ ಗೊತ್ತುಮಾಡಿರಿ. ಒಂದು ದಿನ ತಪ್ಪಿದರೆ ಮರುದಿನ ಮತ್ತೆ ಕುಳಿತುಕೊಳ್ಳಿರಿ. ಕೆಲವು ತಿಂಗಳುಗಳು ಕಳೆದ ಮೇಲೆ ನೀವು ಆ ಕೆಲಸವನ್ನು ಹುಡುಕಿಕೊಂಡು ಹೋಗಬೇಕಾಗಿರುವುದಿಲ್ಲ. ಅದೇ ನಿಮ್ಮನ್ನು ಕರೆಯುವುದು.