ಎಷ್ಟು ಕತ್ತರಿಸಿದರೆ ಸಾಕು? ಡಾ. ಹಾಲ್‌ಸ್ಟೆಡ್ ಕಥೆ

ಡಿಸೈನ್ ಮಾಡುವಾಗ ಅನುಮಾನ ಬಂದರೆ ನಾವೇನು ಮಾಡ್ತೀವಿ? ಫ್ಯಾಕ್ಟರ್ ಆಫ್ ಸೇಫ್ಟಿ ಒಂಚೂರು ಏರಿಸಿಬಿಡ್ತೀವಿ. ಬೀಮ್ ದಪ್ಪ ಆದರೆ ಸಿಮೆಂಟು ಹೋಗುತ್ತೆ, ಅಷ್ಟೇ. ಆದರೆ ಆ ಹೆಚ್ಚುವರಿ ಒಬ್ಬ ಹೆಂಗಸಿನ ಮೈಯಿಂದ ಹೋಗೋದಾದರೆ? ವಿಲಿಯಂ ಹಾಲ್‌ಸ್ಟೆಡ್ ಅವರ ಬದುಕು ಓದಿದಾಗ ನಮ್ಮನ್ನು ಕಾಡಿದ್ದು ಇದೇ.

ಅವರು ಹುಟ್ಟಿದ್ದು 1852ರಲ್ಲಿ, ನ್ಯೂಯಾರ್ಕಿನ ಶ್ರೀಮಂತರ ಮನೆಯಲ್ಲಿ. ಯೇಲ್‌ನಲ್ಲಿ ಓದಿಗಿಂತ ಫುಟ್‌ಬಾಲೇ ಹೆಚ್ಚು, ಕ್ಯಾಪ್ಟನ್ ಬೇರೆ. (ನಮ್ಮ ಹಿಂದಿನ ಬೆಂಚಿನವರು ಧೈರ್ಯ ತಗೊಳ್ಳಿ.) ಆಮೇಲೆ ವೈದ್ಯಕೀಯ, ಯುರೋಪಿನಲ್ಲಿ ತರಬೇತಿ. 1884ರಲ್ಲಿ ಕೊಕೇನ್ ಚುಚ್ಚಿ ನರ ಮರಗಟ್ಟಿಸುವ ಪ್ರಯೋಗವನ್ನು ತಮ್ಮ ಮೇಲೇ ಮಾಡಿಕೊಂಡು ಚಟಕ್ಕೆ ಬಿದ್ದರು. ಚಿಕಿತ್ಸೆಯೇನೋ ಆಯ್ತು, ಆದರೆ ಮಾರ್ಫಿನ್ ಅಂಟಿಕೊಂಡಿತು. ಇಷ್ಟರ ನಡುವೆಯೂ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯರಾದರು. ಸೋಂಕುನಾಶಕದಿಂದ ಕೈ ಕೆಡಿಸಿಕೊಂಡ ನರ್ಸ್ ಕ್ಯಾರೊಲಿನ್ ಹ್ಯಾಂಪ್ಟನ್‌ಗೆ ರಬ್ಬರ್ ಗ್ಲೌಸ್ ಮಾಡಿಸಿಕೊಟ್ಟರು, 1890ರಲ್ಲಿ ಅವರನ್ನೇ ಮದುವೆಯಾದರು.

ಆ ಕಾಲದಲ್ಲಿ ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೂ ಗಡ್ಡೆ ಅದೇ ಜಾಗದಲ್ಲಿ ಮತ್ತೆ ಏಳುತ್ತಿತ್ತು. ಯುರೋಪಿನ ದೊಡ್ಡ ದೊಡ್ಡ ವೈದ್ಯರಲ್ಲೂ ಅರ್ಧಕ್ಕಿಂತ ಹೆಚ್ಚು ರೋಗಿಗಳಿಗೆ ಹೀಗಾಗುತ್ತಿತ್ತು. ಕ್ಯಾನ್ಸರ್ ಒಂದೇ ಕೇಂದ್ರದಿಂದ ಹೊರಕ್ಕೆ ಹರಡುತ್ತೆ, ಹಾಗಾಗಿ ದೂರದವರೆಗೆ ತೆಗೆದರೆ ಗೆದ್ದಂತೆ ಅನ್ನೋದು ಹಾಲ್‌ಸ್ಟೆಡ್ ಲೆಕ್ಕ. ಸ್ತನ, ಮೇಲಿನ ಚರ್ಮ, ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು, ಎಲ್ಲವನ್ನೂ ಒಂದೇ ತುಂಡಾಗಿ ತೆಗೆದರು. ಬರಿದಾದ ಜಾಗಕ್ಕೆ ಬೇರೆ ಕಡೆಯ ಚರ್ಮ ತಂದು ಹಚ್ಚಿದರು. 1894ರಲ್ಲಿ 50 ರೋಗಿಗಳ ಲೆಕ್ಕ ಕೊಟ್ಟರು: ಅದೇ ಜಾಗದಲ್ಲಿ ಮರಳಿದ್ದು 3 ಜನರಿಗೆ ಮಾತ್ರ. ಜಗತ್ತು ಒಪ್ಪಿಕೊಂಡಿತು. ಎದೆಗೂಡು ಒಳಕ್ಕೆ ಹೋಗಿ, ತೋಳು ಊದಿಕೊಂಡು ಬದುಕಿದ ಹೆಂಗಸರು ಎಷ್ಟೋ!

1922ರಲ್ಲಿ, ಪಿತ್ತದ ಕಲ್ಲಿನ ಆಪರೇಷನ್ ಆದ ಮೇಲೆ, ಹಾಲ್‌ಸ್ಟೆಡ್ ತೀರಿಕೊಂಡರು. ಅವರ ಲೆಕ್ಕವನ್ನು ಸರಿಯಾಗಿ ಟೆಸ್ಟ್ ಮಾಡೋಕೆ ಅಮೆರಿಕದಲ್ಲಿ 1971 ಬರಬೇಕಾಯ್ತು. ಬರ್ನಾರ್ಡ್ ಫಿಶರ್ ತಂಡ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಹಂಚಿ, 25 ವರ್ಷ ಹಿಂಬಾಲಿಸಿ ನೋಡಿತು. ಸ್ನಾಯು ತೆಗೆದವರು, ಉಳಿಸಿಕೊಂಡವರು, ಬದುಕುಳಿಯೋದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಅದೇ ಜಾಗದಲ್ಲಿ ಗಡ್ಡೆ ಬರದ ಹಾಗೆ ತಡೆಯೋದು ಬೇರೆ, ಜೀವ ಉಳಿಸೋದು ಬೇರೆ. ಹಾಲ್‌ಸ್ಟೆಡ್ ಮೊದಲನೆಯದನ್ನು ಚೆನ್ನಾಗಿಯೇ ಮಾಡಿದ್ದರು.

1990ರ ದಶಕದಿಂದ ಚರ್ಮವನ್ನು ಚೀಲದ ಹಾಗೆ ಉಳಿಸಿ, ಒಳಗಿನ ಸ್ತನವನ್ನಷ್ಟೇ ತೆಗೆದು, ಅದರಲ್ಲೇ ಹೊಸ ಆಕಾರ ಕೊಡುವ ಕ್ರಮ ಬಂತು. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಗಡ್ಡೆ ಮರಳುವುದು ಮಾಮೂಲಿ ಆಪರೇಷನ್ನಿನಷ್ಟೇ ಅಂತ ಹಲವು ಅಧ್ಯಯನಗಳು ತೋರಿಸಿವೆ, ಆದರೆ ಅವು ಫಿಶರ್ ತರಹ ಚೀಟಿ ಎತ್ತಿ ಮಾಡಿದವಲ್ಲ. ಚರ್ಮಕ್ಕೇ ರೋಗ ಹತ್ತಿದ್ದರೆ ಇವತ್ತಿಗೂ ಆ ಚರ್ಮವನ್ನು ಉಳಿಸೋದಿಲ್ಲ.