ಜರಿಯುವ ಗುಡ್ಡದ ಕೆಳಗೆ ಮೇರಿ ಆನಿಂಗ್

ನಮ್ಮ ದ್ವಿತೀಯ ಪಿಯುಸಿ ಜೀವಶಾಸ್ತ್ರದ ವಿಕಾಸದ ಪಾಠದಲ್ಲಿ ಇಕ್ತಿಯೋಸಾರ್ ಎಂಬ ಹೆಸರು ಬರುತ್ತದೆ. ನೆಲದಿಂದ ಮತ್ತೆ ನೀರಿಗಿಳಿದು ಮೀನಿನ ಆಕಾರ ಪಡೆದ ಸರೀಸೃಪ ಎಂದು ನೋಟ್ಸಿನಲ್ಲಿ ಒಂದು ಸಾಲು ಬರೆದುಕೊಂಡು ನಾನು ಮುಂದಿನ ಪುಟಕ್ಕೆ ಹೋಗಿದ್ದೆ. ಆ ಪ್ರಾಣಿಯನ್ನು ಕಲ್ಲಿನೊಳಗಿಂದ ಬಿಡಿಸಿ ವಿದ್ವಾಂಸರ ಮುಂದೆ ತಂದವಳು ನನಗಿಂತ ನಾಲ್ಕೈದು ವರ್ಷ ಚಿಕ್ಕ ಹುಡುಗಿ ಎಂದು ನನಗೆ ಗೊತ್ತಾದದ್ದು ಆಮೇಲೆ, ಲೈಬ್ರರಿಯಲ್ಲಿ ಕುಳಿತಿದ್ದಾಗ. ಅವಳ ಹೆಸರು ಮೇರಿ ಆನಿಂಗ್.

ಮೇರಿ ಹುಟ್ಟಿದ್ದು 1799ರ ಮೇ 21ರಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಲೈಮ್ ರೀಜಿಸ್ ಎಂಬ ಸಣ್ಣ ಊರಿನಲ್ಲಿ. ತಂದೆ ರಿಚರ್ಡ್ ಬಡಗಿ. ಮನೆಯಲ್ಲಿ ಹುಟ್ಟಿದ ಹಲವು ಮಕ್ಕಳ ಪೈಕಿ ದೊಡ್ಡವರಾಗುವ ತನಕ ಬದುಕಿ ಉಳಿದದ್ದು ಮೇರಿ ಮತ್ತು ಅಣ್ಣ ಜೋಸೆಫ್ ಇಬ್ಬರೇ. ಮೇರಿಗೆ 15 ತಿಂಗಳಾಗಿದ್ದಾಗ ಅವಳನ್ನು ಎತ್ತಿಕೊಂಡು ಮರದಡಿ ನಿಂತಿದ್ದ ಹೆಂಗಸೂ ಪಕ್ಕದಲ್ಲಿದ್ದ ಇಬ್ಬರೂ ಸಿಡಿಲು ಬಡಿದು ತೀರಿಕೊಂಡರು. ಮಗು ಮಾತ್ರ ಬದುಕಿತು.

ಅವರ ಕಥೆ ಅರ್ಥವಾಗಬೇಕಾದರೆ ಆ ಊರಿನ ಗುಡ್ಡಗಳನ್ನು ಮೊದಲು ತಿಳಿಯಬೇಕು. ಊರಿನ ಎರಡೂ ಬದಿಗೆ ಕಡಲಿನ ಅಂಚಿನಲ್ಲೇ ಗೋಡೆಯಂತೆ ನಿಂತ ಗುಡ್ಡಗಳಿವೆ. ಸುಣ್ಣಕಲ್ಲು ಮತ್ತು ಜೇಡಿಯ ಪದರಗಳು ಒಂದರ ಮೇಲೊಂದು ಕೂತು ಆದ ಗುಡ್ಡಗಳು ಅವು. ಸುಮಾರು 20 ಕೋಟಿ ವರ್ಷಗಳ ಹಿಂದೆ ಅದೆಲ್ಲ ಸಮುದ್ರದ ತಳದ ಕೆಸರು. ಆಗ ಸತ್ತು ಕೆಸರಿನಲ್ಲಿ ಹೂತುಹೋದ ಪ್ರಾಣಿಗಳೇ ಇಂದಿನ ಪಳೆಯುಳಿಕೆಗಳು. ಮಳೆಗಾಲದಲ್ಲಿ ಮೇಲಿನ ಮರಳುಪದರದಿಂದ ಇಳಿದ ನೀರು ಜೇಡಿಯ ಮೇಲೆ ನಿಲ್ಲುತ್ತದೆ, ಜೇಡಿ ಜಾರುತ್ತದೆ. ಕೆಳಗಿನಿಂದ ಅಲೆಗಳು ಬುಡವನ್ನು ಕೊರೆಯುತ್ತವೆ. ಆಗ ಗುಡ್ಡ ಜರಿಯುತ್ತದೆ. ಜರಿದಾಗಲೇ ಹೊಸ ಪಳೆಯುಳಿಕೆಗಳು ಹೊರಗೆ ಕಾಣುತ್ತವೆ. ಬೇಗ ಹೋಗಿ ಹೆಕ್ಕದಿದ್ದರೆ ಅಲೆಗಳು ಅವನ್ನೂ ಕೊಂಡೊಯ್ಯುತ್ತವೆ. ಅಂದರೆ ಗುಡ್ಡ ಅತ್ಯಂತ ಅಪಾಯಕಾರಿಯಾಗಿರುವ ಚಳಿಗಾಲವೇ ಹುಡುಕುವವರಿಗೆ ಸುಗ್ಗಿ.

ರಿಚರ್ಡ್ ಬಿಡುವಿನಲ್ಲಿ ಮಕ್ಕಳನ್ನು ದಂಡೆಗೆ ಕರೆದೊಯ್ದು ಈ ಕಲ್ಲುಗಳನ್ನು ಹೆಕ್ಕಿ ಪ್ರವಾಸಿಗರಿಗೆ ಮಾರುತ್ತಿದ್ದರು. ಗುಡ್ಡದಿಂದ ಬಿದ್ದ ಪೆಟ್ಟು ಮತ್ತು ಕ್ಷಯರೋಗ ಸೇರಿ 1810ರಲ್ಲಿ ಅವರು ತೀರಿಹೋದರು. ಮನೆಯ ಮೇಲೆ ಸಾಲ ಉಳಿಯಿತು. ಊರವರ ಧರ್ಮಾರ್ಥದ ನೆರವಿನಿಂದ ಸಂಸಾರ ನಡೆಯಬೇಕಾಯಿತು. ತಂದೆಯನ್ನು ಕೆಡವಿದ ಆ ಗುಡ್ಡಗಳ ಕೆಳಗೇ ಮಕ್ಕಳು ಮತ್ತೆ ಹೋದರು. ಹೋಗದೆ ಬೇರೆ ದಾರಿಯಿರಲಿಲ್ಲ.

1811ರಲ್ಲಿ ಜೋಸೆಫನಿಗೆ ಸುಮಾರು 4 ಅಡಿ ಉದ್ದದ ತಲೆಬುರುಡೆ ಸಿಕ್ಕಿತು. ಮರುವರ್ಷ ಮೇರಿ ಅದರ ಉಳಿದ ಎಲುಬುಗಳನ್ನು ಪತ್ತೆಮಾಡಿದಳು. ಅದೇ ನಮ್ಮ ಪುಸ್ತಕದ ಇಕ್ತಿಯೋಸಾರ್. ಸುಮಾರು 23 ಪೌಂಡಿಗೆ ಅದು ಮಾರಾಟವಾಯಿತು. 1823ರಲ್ಲಿ ಉದ್ದ ಕತ್ತಿನ ಪ್ಲೀಸಿಯೋಸಾರ್‌ನ ಪೂರ್ಣ ಅಸ್ಥಿಪಂಜರ, 1828ರಲ್ಲಿ ಹಾರುವ ಸರೀಸೃಪದ ಎಲುಬುಗಳು ಆಕೆಗೆ ಸಿಕ್ಕವು. ಪ್ಲೀಸಿಯೋಸಾರ್‌ನ ಕತ್ತು ಅಷ್ಟು ಉದ್ದ ಇರಲಾರದು, ಮೋಸವಿರಬಹುದು ಎಂದು ಫ್ರಾನ್ಸಿನ ಹೆಸರಾಂತ ವಿಜ್ಞಾನಿ ಕ್ಯುವಿಯೇ ಮೊದಲು ಸಂಶಯಪಟ್ಟರು. ಪರೀಕ್ಷಿಸಿದ ಮೇಲೆ ಅದು ನಿಜವೆಂದು ಅವರೂ ಒಪ್ಪಬೇಕಾಯಿತು.

ಮೇರಿ ಕಲಿತದ್ದು ಚರ್ಚಿನ ಭಾನುವಾರದ ಶಾಲೆಯಲ್ಲಿ ಓದು ಬರಹ ಮಾತ್ರ. ಮುಂದೆ ಸಿಕ್ಕ ವಿಜ್ಞಾನದ ಪ್ರಬಂಧಗಳನ್ನು ಚಿತ್ರಗಳ ಸಮೇತ ಕೈಯಿಂದ ನಕಲು ಮಾಡಿಕೊಂಡಳು. ಎಲುಬುಗಳ ರಚನೆ ತಿಳಿಯಲು ಮೀನುಗಳನ್ನು ಕೊಯ್ದು ನೋಡಿದಳು. ಇಕ್ತಿಯೋಸಾರ್‌ಗಳ ಹೊಟ್ಟೆಯ ಭಾಗದಲ್ಲಿ ಸಿಗುವ ವಿಚಿತ್ರ ಕಲ್ಲುಗಳನ್ನು ಒಡೆದು ಅದರಲ್ಲಿ ಮೀನಿನ ಮುಳ್ಳು, ಪೊರೆಗಳನ್ನು ಗಮನಿಸಿದಳು. ಅವು ಆ ಪ್ರಾಣಿಗಳ ಕಲ್ಲಾದ ಮಲ ಎಂಬ ನಿರ್ಣಯಕ್ಕೆ ವಿಜ್ಞಾನಿ ಬಕ್‌ಲ್ಯಾಂಡ್ ಬರಲು ಈ ಗಮನಿಕೆ ನೆರವಾಯಿತು.

ಆದರೆ 1824ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಪ್ಲೀಸಿಯೋಸಾರ್ ಬಗ್ಗೆ ಉಪನ್ಯಾಸ ನಡೆದಾಗ ಅದನ್ನು ಹುಡುಕಿದವಳ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಆ ಸಂಘದಲ್ಲಿ ಹೆಂಗಸರಿಗೆ ಸದಸ್ಯತ್ವವೂ ಇರಲಿಲ್ಲ. ಕಲ್ಲು ಕೊಂಡವರ ಹೆಸರು ಉಳಿಯಿತು, ಗುಡ್ಡದ ಕೆಳಗೆ ಜೀವ ಒತ್ತೆಯಿಟ್ಟವಳ ಹೆಸರು ಉಳಿಯಲಿಲ್ಲ.

ಜೀವ ಒತ್ತೆ ಎಂಬುದು ಬರೀ ಮಾತಲ್ಲ. ಮೇರಿಯ ಜೊತೆ ಸದಾ ಟ್ರೇ ಎಂಬ ನಾಯಿ ಇರುತ್ತಿತ್ತು. 1833ರ ಅಕ್ಟೋಬರಿನಲ್ಲಿ ಗುಡ್ಡ ಜರಿದು ಆಕೆಯ ಕಣ್ಣೆದುರೇ ಆ ನಾಯಿ ಮಣ್ಣಿನಡಿ ಸೇರಿತು. ಮೇರಿ ಸ್ವಲ್ಪದರಲ್ಲಿ ಉಳಿದಳು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆಕೆ ಅದರ ನಂತರವೂ ಅದೇ ದಂಡೆಗೆ ಹೋದಳು.

1847ರ ಮಾರ್ಚ್ 9ರಂದು, 47ನೇ ವಯಸ್ಸಿನಲ್ಲಿ, ಸ್ತನದ ಕ್ಯಾನ್ಸರಿನಿಂದ ಮೇರಿ ತೀರಿಕೊಂಡಳು. ಮೊದಲು ಹೆಸರು ಹೇಳದ ಆ ಸಂಘದ ಸದಸ್ಯರೇ 1850ರಲ್ಲಿ ಊರಿನ ಸೇಂಟ್ ಮೈಕೇಲ್ ಚರ್ಚಿಗೆ ಆಕೆಯ ನೆನಪಿನಲ್ಲಿ ಬಣ್ಣದ ಗಾಜಿನ ಕಿಟಕಿ ಮಾಡಿಸಿಕೊಟ್ಟರು. ಸಮಾಧಿ ಅದೇ ಚರ್ಚಿನ ಅಂಗಳದಲ್ಲಿದೆ. ಆಕೆ ಹುಟ್ಟಿದ ಮನೆ ಈಗ ಇಲ್ಲ. ಆ ಜಾಗದಲ್ಲಿ ಊರಿನ ಮ್ಯೂಸಿಯಂ ನಿಂತಿದೆ. 2022ರಲ್ಲಿ, ಒಬ್ಬ ಶಾಲಾ ಬಾಲಕಿ ಶುರುಮಾಡಿದ ಅಭಿಯಾನದ ಫಲವಾಗಿ, ಮೇರಿ ಮತ್ತು ಟ್ರೇಯ ಪ್ರತಿಮೆಯೂ ಅಲ್ಲಿ ಬಂತು.

ಗುಡ್ಡ ಮಾತ್ರ ಇಂದಿಗೂ ಜರಿಯುತ್ತಲೇ ಇದೆ. 2008ರ ಮೇ ತಿಂಗಳಲ್ಲಿ ಊರಿನ ಪೂರ್ವಕ್ಕೆ ಸುಮಾರು 400 ಮೀಟರ್ ಉದ್ದದ ಗುಡ್ಡ ಕುಸಿಯಿತು. ಊರಿನ ಮನೆಗಳನ್ನು ಉಳಿಸಲು 2014ರಲ್ಲಿ ಪೂರ್ವದ ದಂಡೆಗೆ ಹೊಸ ತಡೆಗೋಡೆ ಮುಗಿಯಿತು. ಪಳೆಯುಳಿಕೆ ಹುಡುಕಲು ಬರುವವರಿಗೆ ಈಗ ಹೇಳುವ ನಿಯಮಗಳು ಸರಳ. ಗುಡ್ಡದ ಬುಡಕ್ಕೆ ಹೋಗಬೇಡಿ. ಗುಡ್ಡಕ್ಕೆ ಸುತ್ತಿಗೆ ಹಾಕಬೇಡಿ, ದಂಡೆಯಲ್ಲಿ ಬಿದ್ದದ್ದನ್ನಷ್ಟೇ ಹೆಕ್ಕಿ. ಉಬ್ಬರದ ಸಮಯ ನೋಡಿಕೊಂಡು, ನೀರು ಇಳಿಯುವಾಗ ಹೊರಡಿ. ಜೋರು ಮಳೆ ಬಂದ ಮೇಲೆ ಇನ್ನೂ ಎಚ್ಚರವಾಗಿರಿ. ಮೇರಿಗೆ ಹೊಟ್ಟೆಪಾಡು ಕೊಡದ ಆಯ್ಕೆಯನ್ನು ಇಂದಿನವರಿಗೆ ಈ ನಿಯಮಗಳು ಕೊಟ್ಟಿವೆ.

ನಾನು ನೋಟ್ಸ್ ತೆರೆದು ಇಕ್ತಿಯೋಸಾರ್ ಎಂದು ಬರೆದ ಸಾಲಿನ ಪಕ್ಕದಲ್ಲಿ ಮೇರಿ ಆನಿಂಗ್ ಎಂದು ಬರೆದೆ. ಪರೀಕ್ಷೆಯಲ್ಲಿ ಆ ಹೆಸರನ್ನು ಯಾರೂ ಕೇಳಲಿಕ್ಕಿಲ್ಲ. ಆದರೆ ಮುಂದಿನ ಸಲ ಗುಂಪಿನಲ್ಲಿ ಪ್ರಾಜೆಕ್ಟ್ ಮಾಡಿದಾಗ, ನಿಜವಾಗಿ ದುಡಿದವರ ಹೆಸರು ಮೊದಲ ಪುಟದಲ್ಲಿದೆಯೇ ಎಂದು ನಾನು ನೋಡುತ್ತೇನೆ. ನೀವೂ ನೋಡಿ.